ಸ್ಪ್ರೇ ಗನ್ ಸರಿ ಹೊಡೀತಾ ಇಲ್ವಾ? ಬಿಚ್ಚೋ ಮುಂಚೆ ಗಾಳಿ ನೋಡಿ

ಮಳೆಗಾಲ ಶುರುವಾಯ್ತು ಅಂದ್ರೆ ಕಾರವಾರದಿಂದ ಭಟ್ಕಳದ ತನಕ ಪೇಂಟಿಂಗ್ ಕೆಲಸದವ್ರ ಬಾಯಲ್ಲಿ ಒಂದೇ ಮಾತು, ಗನ್ ಸರಿ ಹೊಡೀತಾ ಇಲ್ಲ. ಬೈಕ್ ಟ್ಯಾಂಕಿಗೆ ಹೊಡೆದ ಕಪ್ಪು ಬಣ್ಣ ಬೂದಿ ಬಣ್ಣಕ್ಕೆ ತಿರುಗ್ತು, ಗೇಟಿನ ಮೇಲೆ ಗುಳ್ಳೆ ಬಂತು, ಬಾಗಿಲಿನ ಪಾಲಿಶಲ್ಲಿ ಸಣ್ಣ ಸಣ್ಣ ಕುಳಿ ಬಿತ್ತು. ಕೂಡ್ಲೇ ಗನ್ ಬಿಚ್ಚಿ ನಾಜಲ್ ಬದ್ಲಿಸೋದು, ಅದ್ರಲ್ಲೂ ಆಗ್ಲಿಲ್ಲ ಅಂದ್ರೆ ಅಂಗಡಿಗೆ ಹೋಗಿ ಹೊಸ ಗನ್ನೇ ತರೋದು, ಹೊಸ ಗನ್ನಲ್ಲೂ ಅದೇ ಕುಳಿ, ಅದೇ ಗುಳ್ಳೆ. ನಮ್ಮ ಕರಾವಳೀಲಿ ಗನ್ ಬಿಚ್ಚೋದು ಕೊನೇ ಕೆಲಸ ಆಗ್ಬೇಕು ಮಾರಾಯ್ರೆ. ಮೊದ್ಲು ಗಾಳಿ, ಆಮೇಲೆ ಬಣ್ಣ, ಆಮೇಲೆ ಕೈ, ಎಲ್ಲಾ ಸರಿ ಇದ್ದೂ ಆಗ್ತಾ ಇಲ್ಲ ಅಂದ್ರೆ ಮಾತ್ರ ಗನ್. ಮತ್ತೆ ಒಂದು ಸಲಕ್ಕೆ ಒಂದನ್ನೇ ಬದ್ಲಿಸಿ, ಥಿನ್ನರೂ ಹಾಕಿ ಪ್ರೆಶರೂ ಏರಿಸಿ ನಾಜಲೂ ತೆಗೆದ್ರೆ ಸರಿಯಾದ್ರೂ ಯಾವ್ದ್ರಿಂದ ಸರಿಯಾಯ್ತು ಅಂತ ಗೊತ್ತಾಗೋದಿಲ್ಲ, ಮುಂದಿನ ವಾರ ಮತ್ತೆ ಅದೇ ಪರದಾಟ.

ಮುಟ್ಟೋ ಮುಂಚೆ ಎರಡು ಮಾತು

ಹೋಸಲ್ಲಿ ಪ್ರೆಶರ್ ಇರೋವಾಗ ಗನ್ನಿನ ಯಾವ ಪಾರ್ಟನ್ನೂ ಬಿಚ್ಬೇಡಿ. ಕಂಪ್ರೆಸರ್ ಹತ್ರದ ವಾಲ್ವ್ ಬಂದ್ ಮಾಡಿ, ಟ್ರಿಗರ್ ಒತ್ತಿ ಹಿಡಿದು ಹೋಸಲ್ಲಿರೋ ಗಾಳಿ ಪೂರ್ತಿ ಬಿಡಿ, ಆಮೇಲೆ ಹೋಸ್ ಕಳಚಿ. ಗಾಳಿ ಬರ್ತಾ ಇದ್ಯಾ ಅಂತ ಅಂಗೈಗೆ ಹೊಡ್ಕೊಂಡು ನೋಡೋದು, ಕೆಲಸ ಮುಗಿದ್ಮೇಲೆ ಅಂಗಿ ಮೇಲಿನ ಧೂಳು ಏರಿಂದ ಊದ್ಕೊಳ್ಳೋದು ಎರಡೂ ಬಿಡಿ, ಕಂಪ್ರೆಸರ್ ಟ್ಯಾಂಕಲ್ಲಿ 100 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಅನ್ನೋ ಪ್ರೆಶರ್ ಲೆಕ್ಕ) ಇರೋ ಗಾಳಿ ಸಣ್ಣ ಗಾಯ ಇದ್ರೆ ಸಾಕು ಚರ್ಮದ ಒಳಗೆ ಹೋಗ್ತದೆ, ಕಣ್ಣಿಗೆ ಕಿವಿಗೆ ಬಡಿದ್ರಂತೂ ಕೇಳ್ಲೇಬೇಡಿ.

ಎರಡನೇದು ಬೆಂಕಿ. ಥಿನ್ನರ್ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರ್ಕೊಂಡು ಹೋಗಿ ದೂರದಲ್ಲಿರೋ ಕಿಡಿಗೂ ಹತ್ಕೊಳ್ತದೆ. ಮಳೆ ಇರ್ಚಲು ಒಳಗೆ ಬರ್ತದೆ ಅಂತ ನಾಲ್ಕೂ ಕಡೆ ತಾಡಪಾಲು ಕಟ್ಟಿ ಒಳಗೇ ಹೊಡೆಯೋದು ನಮ್ಮ ಕಡೆ ಎಲ್ಲಾ ಕಡೆ ನಡೀತದೆ, ಆವಿ ಹೊರಗೆ ಹೋಗೋಕೆ ದಾರಿನೇ ಇರೋದಿಲ್ಲ. ಒಂದು ಬದಿ ಕೆಳಗಿಂದ ಬಿಟ್ಟಿರಿ, ಕಂಪ್ರೆಸರನ್ನ ಹೊರಗೆ ಮಳೆ ತಾಗದ ಜಾಗದಲ್ಲಿ ಇಡಿ. ಕಂಪ್ರೆಸರಿನ ಪ್ರೆಶರ್ ಸ್ವಿಚ್ ಆನ್ ಆಫ್ ಆಗೋವಾಗ ಕಿಡಿ ಹಾರ್ತದೆ, ಅದು ಹೊರಗಿದ್ರೆ ಬೆಂಕಿ ಭಯನೂ ಕಡಿಮೆ, ಒಳಗಿನ ಬಣ್ಣದ ಧೂಳು ಎಳ್ಕೊಳ್ಳೋದೂ ತಪ್ತದೆ. ಚೌತಿ ಮುಂಚೆ ಗಣಪತಿಗೆ ಬಣ್ಣ ಹೊಡೆಯೋ ಶೆಡ್ಡಲ್ಲಿ ದೀಪ, ಊದಿನಕಡ್ಡಿ ಹಚ್ಚಿಟ್ಟಿರ್ತಾರೆ, ನೀರಿನ ಬಣ್ಣಕ್ಕೆ ತೊಂದ್ರೆ ಇಲ್ಲ, ಆದ್ರೆ ಕಿರೀಟಕ್ಕೆ ಥಿನ್ನರ್ ಗೋಲ್ಡ್ ಹೊಡೆಯೋ ದಿನ ದೀಪ ಆರಿಸಿಯೇ ಗನ್ ಎತ್ತಿ.

ಗಾಳಿ

ಇದ್ರ ಬಗ್ಗೆ ಉದ್ದಕ್ಕೆ ಬರೀತೇನೆ, ಯಾಕಂದ್ರೆ ಇಲ್ಲಿಯ ಅರ್ಧಕ್ಕರ್ಧ ತಲೆನೋವಿನ ಬೇರು ಇಲ್ಲೇ ಇರೋದು.

ಒಂದು ಲೆಕ್ಕ ಹಾಕೋಣ. ಹೊರಗೆ 30 ಡಿಗ್ರಿ, ತೇವಾಂಶ 80 ಪರ್ಸೆಂಟ್ ಅಂತ ಇಟ್ಕೊಳ್ಳಿ, ಕಾರವಾರದ ಮಳೆಗಾಲದಲ್ಲಿ ಇದೇನೂ ಜಾಸ್ತಿ ಅಲ್ಲ. ಆ ಗಾಳಿಯ ಒಂದು ಘನ ಮೀಟರಲ್ಲಿ ಸುಮಾರು 24 ಗ್ರಾಂ ನೀರಿನ ಆವಿ ಇರ್ತದೆ. ಅದನ್ನ ಕಂಪ್ರೆಸರ್ 7 ಬಾರ್ ಪ್ರೆಶರಿಗೆ, ಅಂದ್ರೆ ಸುಮಾರು 100 ಪಿಎಸ್‌ಐಗೆ, ಅದುಮಿದಾಗ ಗಾಳಿ ಎಂಟನೇ ಒಂದು ಭಾಗದಷ್ಟು ಜಾಗಕ್ಕೆ ಇಳೀತದೆ, ಅಷ್ಟು ಜಾಗದಲ್ಲಿ 4 ಗ್ರಾಂ ಆವಿ ಕೂಡ ನಿಲ್ಲೋದಿಲ್ಲ, ಉಳಿದ 20 ಗ್ರಾಂ ತಣ್ಣಗಾದ ಕೂಡ್ಲೇ ನೀರಾಗಿ ಬೀಳ್ತದೆ. ಗನ್ 10 ಸಿಎಫ್‌ಎಂ (ನಿಮಿಷಕ್ಕೆ 10 ಘನ ಅಡಿ) ಗಾಳಿ ತಿಂತದೆ ಅಂದ್ರೆ ಗಂಟೆಗೆ 17 ಘನ ಮೀಟರ್, ಅಂದ್ರೆ ಒಂದು ಗಂಟೆ ಬಿಡದೆ ಹೊಡೆದ್ರೆ 300 ಮಿಲಿಗಿಂತ ಜಾಸ್ತಿ ನೀರು. ಈ ನೀರು ಟ್ಯಾಂಕಲ್ಲಿ ಬೀಳ್ಬೇಕು, ಇಲ್ಲಾ ಗಾಳಿ ಲೈನಲ್ಲಿ ನೀರು ಹಿಡಿಯೋ ಟ್ರ್ಯಾಪಲ್ಲಿ ಬೀಳ್ಬೇಕು, ಎರಡೂ ಕಡೆ ಬೀಳ್ದೆ ಹೋದ್ರೆ ನಿಮ್ಮ ಪ್ಯಾನೆಲ್ ಮೇಲೆ ಬೀಳ್ತದೆ.

ಹಾಗಾಗಿ ಮೊದಲ ಪರೀಕ್ಷೆ ಟ್ಯಾಂಕಿನ ಅಡಿಯ ಡ್ರೈನ್ ಕಾಕ್. ಕೆಳಗೊಂದು ಡಬ್ಬಿ ಇಟ್ಟು ನಿಧಾನಕ್ಕೆ ತಿರುಗಿಸಿ. ಮೊದ್ಲು ಬುಸ್ ಅಂತ ತುಕ್ಕಿನ ಕೆಂಪು ನೀರು ಬರ್ತದೆ, ಕೆಲವು ಸಲ ಹಾಲು ಬೆರೆಸಿದ ಬಣ್ಣದ ನೀರು ಬರ್ತದೆ, ಅದು ಕಂಪ್ರೆಸರ್ ಆಯಿಲ್ ನೀರಿಗೆ ಬೆರೆತಿದ್ದು. ಬರೀ ಗಾಳಿ ಬರೋ ತನಕ ಬಿಡಿ. ಮಳೆಗಾಲದಲ್ಲಿ ದಿನಕ್ಕೊಂದು ಸಲ ಸಾಕಾಗೋದಿಲ್ಲ, ಊಟದ ಹೊತ್ತಿಗೊಂದು ಸಲ, ಸಂಜೆ ಒಂದು ಸಲ ಬಿಡ್ಬೇಕು. ಟ್ಯಾಂಕಿನ ಆಯುಷ್ಯಕ್ಕೂ ಇದೇ ಮದ್ದು, ಒಳಗಿಂದ ನೀರು, ಹೊರಗಿಂದ ಉಪ್ಪುಗಾಳಿ, ತಗಡು ಎರಡೂ ಕಡೆಯಿಂದ ಸವೀತದೆ. ಅಡಿಯಲ್ಲಿ ಸೂಜಿ ತೂತಿನಷ್ಟು ಸೋರಿಕೆ ಕಂಡ್ರೂ ವೆಲ್ಡಿಂಗ್ ಮಾಡಿಸಿ ಮತ್ತೆ ಗಾಳಿ ತುಂಬ್ಬೇಡಿ, ಸುತ್ತಲಿನ ತಗಡೂ ಅಷ್ಟೇ ತೆಳ್ಳಗಾಗಿರ್ತದೆ, ಆ ಟ್ಯಾಂಕ್ ಗುಜರಿಗೇ ಹೋಗ್ಬೇಕು. ಸೇಫ್ಟಿ ವಾಲ್ವಿನ ರಿಂಗ್ ಆಗಾಗ ಎಳೆದು ನೋಡಿ, ತುಕ್ಕು ಹಿಡಿದು ಕೂತಿದ್ರೆ ಬದ್ಲಿಸಿ.

ಎರಡನೇ ಪರೀಕ್ಷೆ ಗನ್ ತುದಿಯಲ್ಲಿ. ಬಣ್ಣದ ಕಪ್ ಖಾಲಿ ಮಾಡಿ, ಗನ್ ತೊಳೆದು ಒಣಗಿಸಿ, ಬರೀ ಗಾಳಿಯನ್ನ ಒಂದು ಹಳೇ ಕನ್ನಡಿ ಮೇಲೆ ಒಂದೆರಡು ನಿಮಿಷ ಬಿಡಿ. ಹನಿ ಕೂತು ಸ್ವಲ್ಪ ಹೊತ್ತಲ್ಲಿ ಆರಿ ಹೋದ್ರೆ ನೀರು. ಆರದೆ ಉಳಿದು, ಬೆರಳಿಂದ ಎಳೆದ್ರೆ ಜಿಡ್ಡಾಗಿ ಗೆರೆ ಬಿದ್ರೆ ಎಣ್ಣೆ. ನೀರಾದ್ರೆ ಟ್ರ್ಯಾಪ್ ನೋಡ್ಬೇಕು, ಎಣ್ಣೆ ಆದ್ರೆ ಕಂಪ್ರೆಸರಿನ ಪಿಸ್ಟನ್ ರಿಂಗ್ ಸವೆದಿರ್ಬಹುದು, ಇಲ್ಲಾ ಆಯಿಲ್ ಮಾರ್ಕ್ ಮೀರಿ ತುಂಬಿರ್ಬಹುದು. ಇನ್ನೊಂದು, ಫಿಲ್ಟರ್ ರೆಗ್ಯುಲೇಟರ್ ಜೊತೆ ಸೆಟ್ಟಲ್ಲಿ ಲೂಬ್ರಿಕೇಟರ್ ಬಾಟ್ಲಿ ಕೂಡ ಬರ್ತದೆ, ಅದು ಏರ್ ಟೂಲ್‌ಗಳಿಗೆ ಎಣ್ಣೆ ಕುಡಿಸೋಕೆ ಇರೋದು, ಪೇಂಟ್ ಲೈನಲ್ಲಿ ಅದನ್ನ ಕೂರಿಸಿದ್ರೆ ನಾವೇ ಗಾಳಿಗೆ ಎಣ್ಣೆ ಹಾಕಿದ ಹಾಗೆ. ಒಂದ್ಸಲ ಎಣ್ಣೆ ಓಡಿದ ಹೋಸನ್ನ ಪೇಂಟಿಂಗಿಗೆ ಬಳಸ್ಲೇಬೇಡಿ, ಒಳಗಿನ ಜಿಡ್ಡು ಎಷ್ಟು ದಿನ ಆದ್ರೂ ಬರ್ತಾನೇ ಇರ್ತದೆ.

ಟ್ರ್ಯಾಪ್ ಇದ್ರೂ ನೀರು ಬರ್ತದೆ ಅನ್ನೋರು ಅದು ಎಲ್ಲಿ ಕೂತಿದೆ ನೋಡಿ. ಮುಕ್ಕಾಲು ಪಾಲು ಶೆಡ್ಡುಗಳಲ್ಲಿ ಕಂಪ್ರೆಸರ್ ಬಾಯಿಗೇ ಹಚ್ಚಿರ್ತಾರೆ. ಅಲ್ಲಿ ಗಾಳಿ ಬಿಸಿ ಇರ್ತದೆ, ನೀರು ಇನ್ನೂ ಆವಿಯಾಗೇ ಇರ್ತದೆ, ಟ್ರ್ಯಾಪ್ ಹಿಡಿಯೋದು ಹನಿಯನ್ನ, ಆವಿಯನ್ನ ಅಲ್ಲ. ಅದು ದಾಟಿ ಹೋದ ಆವಿ ಹೋಸಲ್ಲಿ ತಣ್ಣಗಾಗಿ ನೀರಾಗ್ತದೆ. ಕಂಪ್ರೆಸರಿಂದ 25 ಅಡಿಯಾದ್ರೂ ಪೈಪ್ ಓಡಿಸಿ ಆಮೇಲೆ ಟ್ರ್ಯಾಪ್ ಕೂರಿಸಿ, ಪೈಪ್ ಸ್ವಲ್ಪ ಇಳಿಜಾರು ಇರ್ಲಿ, ಇಳಿಜಾರಿನ ಕೊನೇಲಿ ಒಂದು ಡ್ರೈನ್ ಇಡಿ, ಗನ್ನಿನ ಲೈನ್ ಪೈಪಿನ ಮೇಲ್ಭಾಗದಿಂದ ತೆಗೀರಿ. ಜಿಐ ಪೈಪ್ (ಸತು ಲೇಪಿಸಿದ ಕಬ್ಬಿಣದ್ದು) ಆದ್ರೆ ತಣ್ಣಗೂ ಆಗ್ತದೆ. ನೀರಿನ ಪಿವಿಸಿ ಪೈಪ್ ಮಾತ್ರ ಹಾಕ್ಲೇಬೇಡಿ, ಅದು ಹಳೇದಾದ ಹಾಗೆ ಗಡಸಾಗಿ ಒಂದು ದಿನ ಒಡೆದ್ರೆ ಚೂರು ಚೂರಾಗಿ ಸಿಡೀತದೆ, ಎದುರಿಗೆ ನಿಂತವ್ರ ಮುಖಕ್ಕೇ.

ಪ್ರೆಶರ್ ನೋಡೋ ರೀತಿಯಲ್ಲೂ ತಪ್ಪಾಗ್ತದೆ. ಗೋಡೆ ಮೇಲಿನ ಗೇಜ್ 50 ತೋರಿಸ್ತಾ ಇದೆ ಅಂತ ಗನ್ನಿಗೂ 50 ಬರೋದಿಲ್ಲ, ಉದ್ದದ ಸಣ್ಣ ಹೋಸ್, ಎರಡು ಕ್ವಿಕ್ ಕಪ್ಲರ್ ದಾಟಿ ಬರೋವಾಗ ಅಲ್ಲಲ್ಲೇ ಇಳೀತದೆ. ಗನ್ನಿನ ಬುಡಕ್ಕೊಂದು ಸಣ್ಣ ಗೇಜ್ ಹಾಕಿ ಟ್ರಿಗರ್ ಒತ್ತಿ ಹಿಡಿದು ಓದಿ, ಅದೇ ನಿಜವಾದ ಪ್ರೆಶರ್. ಒತ್ತಿ ಹಿಡಿದ ಹಾಗೇ ಮುಳ್ಳು ಇಳೀತಾ ಹೋಗಿ ಫ್ಯಾನ್ (ಬಣ್ಣ ಬೀಸಣಿಗೆ ಹಾಗೆ ಹರಡೋ ಅಗಲ) ಸಣ್ಣ ಆಗ್ತದಾ? ಹಾಗಾದ್ರೆ ಕಂಪ್ರೆಸರಿಗೆ ಗನ್ ಹೊಟ್ಟೆ ತುಂಬಿಸೋಕೆ ಆಗ್ತಾ ಇಲ್ಲ. 1 ಎಚ್‌ಪಿ ಕಂಪ್ರೆಸರಲ್ಲಿ ಕಡಿಮೆ ಪ್ರೆಶರಲ್ಲಿ ಜಾಸ್ತಿ ಗಾಳಿ ತಿನ್ನೋ ದೊಡ್ಡ ಎಚ್‌ವಿಎಲ್‌ಪಿ ಗನ್ ಓಡಿಸೋಕೆ ಹೋದ್ರೆ ಇದೇ ಗತಿ. ಘಟ್ಟದ ಮೇಲೆ ಶಿರಸಿ ಕಡೆ ಹಳ್ಳಿಗಳಲ್ಲಿ ವೋಲ್ಟೇಜ್ ಇಳಿದು ಮೋಟರ್ ಎಳೀಲಾರದೆ ಗುಂಯ್ ಅಂತ ನಿಂತ್ರೂ ಹೀಗೇ ಆಗ್ತದೆ, ಅದಕ್ಕೆ ಗನ್ ಏನು ಮಾಡ್ತದೆ ಪಾಪ.

ಬಣ್ಣ

ಬಿಳಚಿಕೊಳ್ಳೋದು ಮೊದ್ಲು. ಎನ್‌ಸಿ (ನೈಟ್ರೋಸೆಲ್ಯುಲೋಸ್) ಬಣ್ಣ, ಡ್ಯೂಕೋ ಅಂತೇವಲ್ಲ, ಅದು ಮತ್ತೆ ಲ್ಯಾಕರ್ ಹೊಡೆದ ಸ್ವಲ್ಪ ಹೊತ್ತಲ್ಲೇ ಇಡೀ ಮೇಲ್ಮೈ ಹಾಲು ಹರಡಿದ ಹಾಗೆ ಮಬ್ಬಾಗ್ತದೆ. ಇದು ಲೈನಲ್ಲಿನ ನೀರಲ್ಲ. ಲೈನಿನ ನೀರು ಆದ್ರೆ ಅಲ್ಲಲ್ಲಿ ಚುಕ್ಕೆ, ಗುಳ್ಳೆ, ಬಿಳಚಿಕೊಂಡಿದ್ದಾದ್ರೆ ಒಂದೇ ಸಮ ಮಬ್ಬು, ಎರಡಕ್ಕೂ ಇಷ್ಟೇ ವ್ಯತ್ಯಾಸ. ಥಿನ್ನರ್ ಬೇಗ ಆರೋವಾಗ ಮೇಲ್ಮೈಯ ಬಿಸಿ ಎಳ್ಕೊಂಡು ಹೋಗ್ತದೆ, ಆ ತಂಪಿಗೆ ಸುತ್ತಲಿನ ಗಾಳಿಯ ತೇವ ಬಣ್ಣದ ಮೇಲೇ ಇಬ್ಬನಿ ಆಗಿ ಕೂರ್ತದೆ. 30 ಡಿಗ್ರೀಲಿ ತೇವಾಂಶ 80 ಇದ್ರೆ ಮೇಲ್ಮೈ 4 ಡಿಗ್ರಿ ತಣ್ಣಗಾದ್ರೆ ಸಾಕು ಇಬ್ಬನಿ ಕೂರೋಕೆ, 90 ಇದ್ರೆ 2 ಡಿಗ್ರೀನೇ ಸಾಕು. ಅದಕ್ಕೇ ಜಡಿ ಮಳೆ ದಿನ ಎಷ್ಟು ಒಳ್ಳೆ ಗನ್ ಇದ್ರೂ ಡ್ಯೂಕೋ ಬಿಳಚ್ತದೆ.

ಏನು ಮಾಡೋದು? ಆಗೋದಾದ್ರೆ ಮಳೆ ಬಿಟ್ಟು ಬಿಸಿಲು ಮೂಡಿದ ಹೊತ್ತಿಗೆ, ಮಧ್ಯಾಹ್ನದ ಕಡೆ ಹೊಡೀರಿ, ಬೆಳಗಾಮುಂಚೆ ಮತ್ತೆ ಸಂಜೆ ಬೇಡ. ಕಾಯೋಕೆ ಆಗದಿದ್ರೆ ಥಿನ್ನರಿಗೆ ರಿಟಾರ್ಡರ್ ಬೆರೆಸಿ, ಅದು ನಿಧಾನಕ್ಕೆ ಆರೋದ್ರಿಂದ ಮೇಲ್ಮೈ ಅಷ್ಟು ತಣ್ಣಗಾಗೋದಿಲ್ಲ, ಎಷ್ಟು ಹಾಕ್ಬೇಕು ಅಂತ ಡಬ್ಬಿ ಮೇಲೆ ಇರ್ತದೆ, ಜಾಸ್ತಿ ಹಾಕಿದ್ರೆ ಬಣ್ಣ ಇಳೀತದೆ. ಕಡಿಮೆ ರೇಟಿನ ಥಿನ್ನರ್ ಈ ಸೀಸನ್ನಲ್ಲಿ ಬೇಡವೇ ಬೇಡ. ಹೊಡೆಯೋ ವಸ್ತುವನ್ನ ಸ್ವಲ್ಪ ಬೆಚ್ಚಗೆ ಮಾಡ್ಕೊಳ್ಳಿ, ಹ್ಯಾಲೋಜನ್ ಲೈಟ್ ಇಟ್ಟು ಕಾಯಿಸಿ, ಗನ್ ಎತ್ತೋ ಮುಂಚೆ ಲೈಟ್ ಆಫ್ ಮಾಡಿ ಹೊರಗಿಟ್ಟು ಬನ್ನಿ. ಇಬ್ಬನಿ ಕೂರೋ ಉಷ್ಣತೆಗಿಂತ ಲೋಹ 3 ಡಿಗ್ರಿಯಾದ್ರೂ ಜಾಸ್ತಿ ಇರ್ಬೇಕು ಅನ್ನೋದು ಪೇಂಟಿಂಗಿನ ಕಟ್ಟುನಿಟ್ಟಿನ ಲೆಕ್ಕ. ಈಗಾಗ್ಲೇ ಬಿಳಚಿ ಹೋಗಿದ್ರೆ ಕೆರೆದು ತೆಗೆಯೋ ಗಡಿಬಿಡಿ ಬೇಡ, ಒಣ ಹೊತ್ತು ನೋಡ್ಕೊಂಡು ರಿಟಾರ್ಡರ್ ಬೆರೆಸಿದ ಥಿನ್ನರ್ ತೆಳ್ಳಗೆ ಒಂದು ಕೈ ಹೊಡೆದ್ರೆ ಬಣ್ಣ ಮತ್ತೆ ಬಾಯಿ ಬಿಟ್ಟು ಒಳಗಿನ ತೇವ ಹೊರಗೆ ಬರ್ತದೆ, ಎಷ್ಟೋ ಸಲ ಅಷ್ಟಕ್ಕೇ ಸರಿಯಾಗ್ತದೆ.

ಬಣ್ಣ ಹೊಡೆದ ಕೂಡ್ಲೇ ದುಂಡಗೆ ಕುಳಿ ಬಿಟ್ಕೊಂಡು ಅಡಿಯ ಬಣ್ಣ ಕಾಣೋದು ಫಿಶ್ ಐ. ಕನ್ನಡಿ ಪರೀಕ್ಷೇಲಿ ಎಣ್ಣೆ ಕಾಣ್ಲಿಲ್ಲ ಅಂದ್ರೆ ಜಿಡ್ಡು ವಸ್ತುವಿನ ಮೇಲೇ ಇದೆ. ಡ್ಯಾಶ್‌ಬೋರ್ಡ್ ಪಾಲಿಶು, ಟಯರ್ ಪಾಲಿಶಲ್ಲಿರೋ ಸಿಲಿಕೋನ್, ದೋಣಿಯಾದ್ರೆ ಡೀಸೆಲ್ಲು, ಮನೆ ಬಾಗಿಲಾದ್ರೆ ವರ್ಷಗಟ್ಟಲೆ ತೆಂಗಿನೆಣ್ಣೆ ಕೈ ತಾಗಿದ ಚಿಲಕದ ಸುತ್ತಲಿನ ಜಾಗ. ಇಲ್ಲಿ ಕೆಲಸದ ಕ್ರಮ ಮುಖ್ಯ. ಮೊದ್ಲು ಎಮ್ರಿ ಪೇಪರ್ ಹಾಕಿ ತಿಕ್ಕಿದ್ರೆ ಜಿಡ್ಡು ಗೀರುಗಳ ಒಳಗೆ ಹೋಗಿ ಕೂರ್ತದೆ, ಆಮೇಲೆ ಎಷ್ಟು ಒರೆಸಿದ್ರೂ ಬರೋದಿಲ್ಲ. ಮೊದ್ಲು ಸೋಪಿನ ನೀರು, ಆಮೇಲೆ ಗ್ರೀಸ್ ರಿಮೂವರ್ ಒಂದು ಬಟ್ಟೇಲಿ ಹಚ್ಚಿ ಅದು ಆರೋ ಮುಂಚೆ ಇನ್ನೊಂದು ಒಣ ಬಟ್ಟೇಲಿ ಎತ್ತಿ, ಆಮೇಲೆ ತಿಕ್ಕಿ, ತಿಕ್ಕಿದ್ಮೇಲೆ ಮತ್ತೊಂದು ಸಲ ಒರೆಸಿ.

ಇನ್ನೊಂದು ದೋಷವನ್ನ ಸುಮ್ನೆ ಗನ್ನಿನ ತಲೆಗೆ ಕಟ್ತಾರೆ. ಗೇಟಿಗೆ ಚೆನ್ನಾಗಿ ಬಣ್ಣ ಹೊಡೆದು ಕೆಲವು ವಾರ ಆದ್ಮೇಲೆ ಗುಳ್ಳೆ ಏಳೋದು. ಗುಳ್ಳೆ ಒಡೆದು ನೋಡಿ, ಒಳಗೆ ನೀರು, ಅಡಿಗೆ ತುಕ್ಕು ಇದ್ರೆ ಅದು ಉಪ್ಪು. ಕಡಲ ಗಾಳಿಯ ಉಪ್ಪು ಕಬ್ಬಿಣದ ಮೇಲೆ ಕೂತಿದ್ದು ಹಾಗೇ ಪ್ರೈಮರ್ ಹೊಡೆದ್ರೆ ಆ ಉಪ್ಪು ಬಣ್ಣದ ಪದರದ ಮೂಲಕವೇ ತೇವ ಎಳ್ಕೊಳ್ತದೆ. ಬೈತ್‌ಖೋಲ್, ತದಡಿ ಬಂದರಿನ ಕಡೆ ದೋಣಿ ಕೆಲಸದವ್ರಿಗೆ ಇದು ಗೊತ್ತಿರೋ ವಿಷ್ಯ, ಮನೆ ಗೇಟಿಗೂ ಅದೇ ಮಾಡಿ, ತುಕ್ಕು ತೆಗೆದ್ಮೇಲೆ ಸಿಹಿನೀರಲ್ಲಿ ಚೆನ್ನಾಗಿ ತೊಳೆದು, ಪೂರ್ತಿ ಒಣಗಿಸಿ, ಅವತ್ತೇ ಪ್ರೈಮರ್ ಹೊಡೀರಿ. ಒಂದು ರಾತ್ರಿ ಹಾಗೇ ಬಿಟ್ರೆ ಬೆಳಿಗ್ಗೆ ನೋಡೋವಾಗ ಮತ್ತೆ ಕೆಂಪಗಾಗಿರ್ತದೆ.

ಬಣ್ಣ ದಪ್ಪನೋ ನೀರೋ ಅಂತ ಕೋಲೆತ್ತಿ ಅಂದಾಜು ಮಾಡೋ ಬದ್ಲು ಬಿ4 ಕಪ್ (ಬಣ್ಣ ಎಷ್ಟು ದಪ್ಪ ಅಂತ ಅಳೆಯೋ, ಅಡಿಯಲ್ಲಿ ತೂತಿರೋ ಕಪ್) ತಗೊಳ್ಳಿ, ದುಬಾರಿ ಏನಲ್ಲ. ಗಾಡಿ ಬಣ್ಣಗಳು ಸಾಮಾನ್ಯವಾಗಿ 18ರಿಂದ 22 ಸೆಕೆಂಡಲ್ಲಿ ಖಾಲಿ ಆಗ್ಬೇಕು, ಡಬ್ಬಿ ಮೇಲೆ ಬೇರೆ ಬರೆದಿದ್ರೆ ಅದೇ ಸರಿ. ಸೋಸದೆ ಗನ್ನಿನ ಕಪ್ಪಿಗೆ ಹಾಕ್ಬೇಡಿ, ಹಳೇ ಬನಿಯನ್ ಬಟ್ಟೆ ಬೇಡ, ಅದ್ರ ನೂಲು ಬಣ್ಣಕ್ಕೆ ಬೀಳ್ತದೆ.

ಕೈ

ಗನ್ನಿಗೂ ಪ್ಯಾನೆಲ್ಲಿಗೂ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ, 6ರಿಂದ 8 ಇಂಚು. ಹತ್ರ ಹೋದ್ರೆ ಬಣ್ಣ ಇಳೀತದೆ, ದೂರ ಹೋದ್ರೆ ಹನಿ ಗಾಳೀಲೇ ಆರಿ ಕೈಗೆ ಒರಟು ಪುಡಿ ತಾಗ್ತದೆ. ಮಣಿಕಟ್ಟು ತಿರುಗಿಸಿ ಬೀಸಿದ್ರೆ ನಡುವೆ ದಪ್ಪ, ಅಂಚಲ್ಲಿ ತೆಳು, ಅದಕ್ಕೆ ತೋಳನ್ನೇ ಸರಿಸಿ ಗನ್ ನೇರ ಇಟ್ಕೊಳ್ಳಿ, ಪ್ರತಿ ಸಾಲು ಹಿಂದಿನ ಸಾಲಿನ ಅರ್ಧ ಮುಚ್ಲಿ, ಅಂಚು ದಾಟಿದ್ಮೇಲೆ ಟ್ರಿಗರ್ ಬಿಡಿ. ಆರೆಂಜ್ ಪೀಲ್, ಅಂದ್ರೆ ಮೇಲ್ಮೈ ಕಿತ್ತಳೆ ಸಿಪ್ಪೆ ಹಾಗೆ ಒರಟು, ಬಂದ್ರೆ ಬಣ್ಣ ದಪ್ಪ, ಪ್ರೆಶರ್ ಕಡಿಮೆ, ದೂರ ಜಾಸ್ತಿ, ಥಿನ್ನರ್ ಬೇಗ ಆರೋದು, ಈ ನಾಲ್ಕರಲ್ಲಿ ಒಂದು ಇರ್ತದೆ, ಬಿ4 ಕಪ್ಪಿಂದ ಅಳೆದ್ರೆ ಮೊದಲನೇದು ಕೂಡ್ಲೇ ಗೊತ್ತಾಗ್ತದೆ.

ಗನ್

ಇಷ್ಟೆಲ್ಲಾ ನೋಡಿಯೂ ಸರಿಯಾಗ್ಲಿಲ್ಲ ಅಂದ್ರೆ ಗೋಡೆಗೊಂದು ನ್ಯೂಸ್ ಪೇಪರ್ ಅಂಟಿಸಿ. ಗನ್ ಒಂದೇ ಜಾಗದಲ್ಲಿ ಹಿಡಿದು ಒಂದು ಸೆಕೆಂಡ್ ಟ್ರಿಗರ್ ಒತ್ತಿ ಬಿಡಿ, ಬಿದ್ದ ಗುರುತು ನೋಡಿ. ಉದ್ದಕ್ಕೆ ಸಮನಾಗಿದ್ರೆ ಗನ್ ಸರಿ ಇದೆ. ಒಂದೇ ಬದಿಗೆ ದಪ್ಪ ಇದ್ರೆ ಏರ್ ಕ್ಯಾಪನ್ನ (ಗನ್ ತುದಿಯಲ್ಲಿ ಗಾಳಿ ತೂತುಗಳಿರೋ ಮುಚ್ಚಳ) ಅರ್ಧ ಸುತ್ತು ತಿರುಗಿಸಿ ಇನ್ನೊಂದು ಸಲ ಹೊಡೀರಿ. ದಪ್ಪ ಭಾಗ ಆ ಕಡೆಯಿಂದ ಈ ಕಡೆ ಬಂದ್ರೆ ಕೊಳೆ ಏರ್ ಕ್ಯಾಪಿನ ತೂತಲ್ಲಿದೆ, ಇದ್ದಲ್ಲೇ ಇದ್ರೆ ನಾಜಲ್ ತುದಿಯಲ್ಲಿ ಬಣ್ಣ ಕಟ್ಟಿದೆ ಇಲ್ಲಾ ತುದಿ ಪೆಟ್ಟಾಗಿದೆ. ಎರಡೂ ತುದಿ ದಪ್ಪ, ನಡುವೆ ಖಾಲಿ ಇದ್ರೆ ಗಾಳಿ ಜಾಸ್ತಿ, ಬಣ್ಣ ಕಡಿಮೆ, ಪ್ರೆಶರ್ ಸ್ವಲ್ಪ ಇಳಿಸಿ. ನಡುವೆ ಮಾತ್ರ ದಪ್ಪ ಇದ್ರೆ ಅದಕ್ಕೆ ಉಲ್ಟಾ. ಇನ್ನೂ ನಿಖರ ಬೇಕಂದ್ರೆ ಫ್ಯಾನ್ ಅಡ್ಡ ಬರೋ ಹಾಗೆ ಕ್ಯಾಪ್ ತಿರುಗಿಸಿ, ಬಣ್ಣ ಇಳಿಯೋ ತನಕ ಒತ್ತಿ ಹಿಡೀರಿ, ಇಳಿದ ಗೆರೆಗಳ ಉದ್ದ ಎಲ್ಲಾ ಕಡೆ ಹೆಚ್ಚುಕಡಿಮೆ ಒಂದೇ ಇರ್ಬೇಕು.

ಪುಕ್ ಪುಕ್ ಅಂತ ಬಿಟ್ಟು ಬಿಟ್ಟು ಉಗುಳ್ತಾ ಇದ್ರೆ ಬಣ್ಣದ ದಾರಿಗೆ ಎಲ್ಲಿಂದಲೋ ಗಾಳಿ ನುಗ್ತಾ ಇದೆ. ಕಪ್ಪಲ್ಲಿ ಬಣ್ಣ ಕಡಿಮೆ ಇದ್ಯಾ ನೋಡಿ. ಕಪ್ಪಿನ ಒಳಗೆ ಗುಳ್ಳೆ ಬರ್ತಾ ಇದ್ರೆ ನಾಜಲ್ ಸಡಿಲ ಇದೆ ಇಲ್ಲಾ ಅದ್ರ ಸೀಟ್ ಹೋಗಿದೆ, ಸ್ಪ್ಯಾನರಲ್ಲಿ ಬಿಗಿ ಮಾಡಿ. ಗುಳ್ಳೆ ಇಲ್ಲ ಅಂದ್ರೆ ನೀಡಲ್ (ನಾಜಲ್ ತೂತು ಮುಚ್ಚಿ ತೆರೆಯೋ ಕಡ್ಡಿ) ಹಿಂದಿನ ಪ್ಯಾಕಿಂಗ್ ಒಣಗಿರ್ಬಹುದು, ಎರಡು ಹನಿ ಮಶೀನ್ ಆಯಿಲ್ ಬಿಟ್ಟಾಗ ಉಗುಳೋದು ನಿಂತ್ರೆ ಕಳ್ಳ ಸಿಕ್ಕಿದ ಹಾಗೆ, ಪ್ಯಾಕಿಂಗ್ ಬದ್ಲಿಸಿ. ಬಣ್ಣ ಮೊದ್ಲು ಚೆನ್ನಾಗಿ ಬಂದು ನಿಧಾನಕ್ಕೆ ಕಡಿಮೆಯಾಗ್ತಾ ನಿಂತೇ ಹೋದ್ರೆ ಕಪ್ಪಿನ ಮುಚ್ಚಳ ಸ್ವಲ್ಪ ಸಡಿಲ ಮಾಡಿ ನೋಡಿ, ಮತ್ತೆ ಬಂದ್ರೆ ಮುಚ್ಚಳದ ಗಾಳಿ ತೂತು ಕಟ್ಟಿದೆ ಅಷ್ಟೇ. ಟ್ರಿಗರ್ ಬಿಟ್ಟ ಮೇಲೂ ತುದಿಯಿಂದ ಬಣ್ಣ ತೊಟ್ಟಿಕ್ಕಿದ್ರೆ ನೀಡಲ್ ಸರಿ ಕೂರ್ತಾ ಇಲ್ಲ, ಪ್ಯಾಕಿಂಗ್ ನಟ್ ಅತಿ ಬಿಗಿ ಆಗಿದ್ರೂ ಹೀಗಾಗ್ತದೆ, ಸವೆದಿದ್ರೆ ನಾಜಲ್ ಮತ್ತೆ ನೀಡಲ್ ಎರಡನ್ನೂ ಜೋಡಿಯಾಗೇ ಬದ್ಲಿಸಿ. ಬರೀ ಗಾಳಿ ಸೋರಿದ್ರೆ ಏರ್ ವಾಲ್ವ್.

ತೂತು ಕಟ್ಟಿದ್ರೆ ಸೂಜಿ, ತಂತಿ ಹಾಕ್ಬೇಡಿ, ಕೂದಲೆಳೆಯಷ್ಟು ದೊಡ್ಡದಾದ್ರೂ ಫ್ಯಾನ್ ಸೊಟ್ಟ. ಏರ್ ಕ್ಯಾಪ್ ಬಿಚ್ಚಿ ಥಿನ್ನರಲ್ಲಿ ನೆನೆಸಿಟ್ಟು ಹಿಡಿಸೂಡಿಯ ತೆಂಗಿನಕಡ್ಡಿ ತುದಿ ಚೂಪು ಮಾಡಿ ತೆಗೀರಿ. ಇಡೀ ಗನ್ನನ್ನ ಥಿನ್ನರಲ್ಲಿ ಮುಳುಗಿಸಿಟ್ರೆ ಪ್ಯಾಕಿಂಗ್ ಒಣಗಿ ಸೆಟೆದು ಹೋಗ್ತದೆ, ಕರಗಿದ ಬಣ್ಣ ಗಾಳಿ ದಾರಿಗೂ ನುಗ್ತದೆ.

ಪಿಯು ಹೊಡೆಯೋರಿಗೆ

ಹಾರ್ಡನರ್ ಬೆರೆಸೋ ಪಿಯು (ಪಾಲಿಯುರೆಥೇನ್) ಬಣ್ಣ, ಪಿಯು ಪಾಲಿಶ್ ವಿಷಯದಲ್ಲಿ ಇನ್ನೊಂದು ದೋಷ ಇದೆ, ಒಣಗಿದ್ಮೇಲೆ ಪದರದ ಒಳಗೆಲ್ಲಾ ಸೂಜಿಮೊನೆ ಗುಳ್ಳೆ. ಹಾರ್ಡನರಲ್ಲಿರೋ ಐಸೋಸಯನೇಟ್ ನೀರು ಸಿಕ್ಕಿದ್ರೆ ಕಾರ್ಬನ್ ಡೈಆಕ್ಸೈಡ್ ಬಿಡ್ತದೆ, ಆ ಗ್ಯಾಸೇ ಗುಳ್ಳೆ. ಲೈನಲ್ಲಿ ನೀರಿದ್ರೂ ಆಗ್ತದೆ, ಶಿರಸಿ ಕಡೆ ಹಸಿ ಆರದ ಹಲಸಿನ ಹಲಗೆಗೆ ಹೊಡೆದ್ರೂ ಆಗ್ತದೆ, ಅರ್ಧ ಬಳಸಿ ಮುಚ್ಚಳ ಸರಿ ಹಾಕದೆ ಮಳೆಗಾಲ ಕಳೆದ ಹಾರ್ಡನರ್ ಆದ್ರಂತೂ ಖಂಡಿತ. ಡಬ್ಬಿ ಉಬ್ಬಿದ್ರೆ, ಒಳಗಿನದ್ದು ಮಬ್ಬಾಗಿದ್ರೆ ಬಳಸ್ಬೇಡಿ, ಗಟ್ಟಿ ಮುಚ್ಚಿಯೂ ಇಡ್ಬೇಡಿ, ಗ್ಯಾಸ್ ತುಂಬಿ ಒಡೀತದೆ.

ಇದೇ ಐಸೋಸಯನೇಟ್ ಉಸಿರಿಗೆ ಹೋದ್ರೆ ದಮ್ಮು ಹತ್ತಿಸ್ತದೆ, ಒಂದ್ಸಲ ಮೈಗೆ ಆಗದ ಹಾಗೆ ಆಯ್ತು ಅಂದ್ರೆ ಆಮೇಲೆ ತೀರಾ ಸ್ವಲ್ಪಕ್ಕೂ ಉಸಿರು ಕಟ್ತದೆ. ಕರ್ಚೀಪು, ಬಟ್ಟೆ ಮಾಸ್ಕು ಇದನ್ನ ತಡೆಯೋದೇ ಇಲ್ಲ. ವಾಸನೆ ಬರ್ತಾ ಇಲ್ಲ ಹಾಗಾಗಿ ತೊಂದ್ರೆ ಇಲ್ಲ ಅಂತಾನೂ ಅಂದ್ಕೊಳ್ಬೇಡಿ, ವಾಸನೆ ಗೊತ್ತಾಗೋ ಮಟ್ಟಕ್ಕಿಂತ ಎಷ್ಟೋ ಕೆಳಗೇ ಅದು ಅಪಾಯ. ದಿನಾ ಪಿಯು ಹೊಡೆಯೋರಿಗೆ ಹೊರಗಿಂದ ಒಳ್ಳೆ ಗಾಳಿ ಕೊಡೋ ಮಾಸ್ಕೇ ಬೇಕು, ಅದಕ್ಕೆ ಉಸಿರಾಟಕ್ಕೆ ಅಂತಾನೇ ಇರೋ ಗಾಳಿ ಬೇಕು, ಪೇಂಟಿಂಗ್ ಕಂಪ್ರೆಸರಿನ ಗಾಳಿಯನ್ನ ಹಾಗೇ ಮೂಗಿಗೆ ಕೊಡೋ ಹಾಗಿಲ್ಲ. ಆ ವ್ಯವಸ್ಥೆ ಇಲ್ಲದ ಸಣ್ಣ ಶೆಡ್ಡಲ್ಲಿ ಪಿಯು ಕೆಲಸ ಒಪ್ಕೊಳ್ದೇ ಇರೋದು ಒಳ್ಳೇದು ಅನ್ನೋದು ನನ್ನ ಅಭಿಪ್ರಾಯ, ಎಷ್ಟು ದುಡ್ಡು ಬಂದ್ರೂ. ಎನ್‌ಸಿ, ಎನಾಮಲ್ ಹೊಡೆಯೋರು ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಡ್ಜ್ ಮತ್ತೆ ಮುಂದೊಂದು ಧೂಳಿನ ಫಿಲ್ಟರ್ ಇರೋ ಮಾಸ್ಕ್ ಹಾಕಿ, ಗಡ್ಡ ಇದ್ರೆ ಅದ್ರ ಅಂಚು ಕೂರೋದಿಲ್ಲ. ಕೆಲಸ ಆದ್ಮೇಲೆ ಕಾರ್ಟ್ರಿಡ್ಜನ್ನ ಗಾಳಿ ಆಡದ ಡಬ್ಬೀಲಿ ಮುಚ್ಚಿಡಿ, ಮೊಳೆಗೆ ನೇತು ಹಾಕಿದ್ರೆ ಶೆಡ್ಡಿನ ಆವಿ ಹೀರ್ಕೊಂಡು ಅಲ್ಲೇ ಖಾಲಿ ಆಗ್ತದೆ. ಪಿಯು ಹೊಡೆದ ರಾತ್ರಿ ಎದೆ ಬಿಗಿಯೋದು, ಒಣ ಕೆಮ್ಮು ಬಂದ್ರೆ ಥಂಡಿ ಅಂತ ಬಿಟ್ಬಿಡ್ಬೇಡಿ, ಡಾಕ್ಟರ್ ಹತ್ರ ಹೋಗಿ, ಹೋಗೋವಾಗ ಹಾರ್ಡನರ್ ಡಬ್ಬಿಯ ಲೇಬಲ್ ಫೋಟೋ ತೆಕ್ಕೊಂಡು ಹೋಗಿ ತೋರಿಸಿ.